ಪಲ್ಯ ಮ್ಯಾಲ ಹತ್ತುದಿಲ್ಲ

ಕಾಯಿಪಲ್ಯ ಕೊಳ್ಳುವುದಕ್ಕಾಗಿ ನೀವು ಕೊನೆಯ ಸಲ ನಿಮ್ಮ ಮನೆಯ ಮೆಟ್ಟಿಲಿಳಿದದ್ದು ಯಾವಾಗ? ಉತ್ತರಕ್ಕೆ ಅವಸರ ಬೇಡ. ಕೆಲವು ವರ್ಷಗಳ ಹಿಂದೆ ಯಾರಾದರೂ ನನ್ನನ್ನು ಹೀಗೆ ಕೇಳಿದ್ದರೆ, ಇದರಲ್ಲಿ ವಿಚಾರ ಮಾಡುವಂಥದ್ದೇನಿದೆ ಎಂದು ನಾನೇ ಮರುಪ್ರಶ್ನೆ ಹಾಕುತ್ತಿದ್ದೆ. ಈಗ ಹಾಗೆ ಮಾಡಲಾರೆ. ಈ ಪ್ರಶ್ನೆ ಕೇಳಿದೊಡನೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತೆತ್ತಿ ನಿಂತ ನೀಲವ್ವ, ತಡವಳ ಎಂಬ ಹಳ್ಳಿಯಿಂದ ಪಲ್ಯ ಮಾರಲು ಬರುತ್ತಿದ್ದವಳು, ನನ್ನ ಕಣ್ಣಿಗೆ ಕಟ್ಟುತ್ತಾಳೆ.

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಚಾದರ, ಟವೆಲುಗಳ ವ್ಯಾಪಾರಸ್ಥರೇ ಹೆಚ್ಚು. ನಮ್ಮದು ಮೂರು ಮಾಳಿಗೆಯ ಹಳೆಯ ಕಟ್ಟಡ. ನಮ್ಮ ಮನೆ ಎರಡನೆಯ ಮಾಳಿಗೆಯಲ್ಲಿ. ಪ್ರತಿಯೊಂದು ಗ್ಯಾಲರಿಯಿಂದ ಒಂದು ಹಗ್ಗ, ಹಗ್ಗದ ತುದಿಗೆ ಒಂದು ಪಿಶವಿ. ಹಾಲು, ಪಾವು, ಪೇಪರು, ಗುಳಿಗೆ, ಇಸ್ತ್ರಿಯಾದ ಅರಿವೆ, ಎಲ್ಲವೂ ಈ ಕೈಚೀಲಗಳಲ್ಲಿ ಕುಳಿತು ಮೇಲೆ ಬರುತ್ತಿದ್ದವು. ಮುಂಜಾನೆ ನೀಲವ್ವ ಬಂದು ಬುಟ್ಟಿ ಇಳಿಸಿದಳೆಂದರೆ ಏಳೆಂಟು ಪಿಶವಿಗಳು ಒಮ್ಮೆಲೇ ಇಳಿದು ಅವಳ ಮುಖದ ಸುತ್ತ ತೂಗಾಡುತ್ತಿದ್ದವು. ಅವಳು ಮಾತ್ರ ಕೈ ಹಿಂದಕ್ಕೆ ಕಟ್ಟಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ, ದಿನವೂ ಅದೇ ಒಂದು ಮಾತು ಹೇಳುತ್ತಿದ್ದಳು.

"ಪಲ್ಯ ಮ್ಯಾಲ ಹತ್ತುದಿಲ್ಲ. ಮಂದಿ ಕೆಳಗ ಇಳೀಬೇಕು."

ಮೂರನೆಯ ಮಾಳಿಗೆಯಲ್ಲಿ ಪೆನ್ಶನ್ ಪಡೆಯುವ ಕಾಕಾ ಒಬ್ಬರಿದ್ದರು. ಅವರು ಗ್ಯಾಲರಿಯ ಕಟಾಂಜನಕ್ಕೆ ಹೊಟ್ಟೆ ಆನಿಸಿ ಕೂಗುತ್ತಿದ್ದರು:

"ನೀಲವ್ವಾ, ಎರಡ ಬದನಿಕಾಯಿ ಸಲವಾಗಿ ಮೂರ ಮಾಳಗಿ ಇಳಸ್ತಿ ಅಲಾ, ನಿನಗೇನ ದಯಾ ಮಾಯಾ ಅದ ಇಲ್ಲ?"

"ಅದ ರಿ ಕಾಕಾ. ಅದಕ್ಕ ಇಳಸ್ತೀನಿ. ಜಿನಾ ಕಟ್ಟಿಸಿ ಇಷ್ಟ ಮೆಟ್ಟಲಾ ಇಟ್ಟವ್ರೇನು ಹುಚ್ಚರಾ? ಬರ್ರಿ, ನಿಮ್ಮ ಹೊಟ್ಟಿ ಮುಂದ ಬಿಟ್ಟ ಹಿಂದ ಹಿಂದ ಬರ್ರಿ."

ಓಣಿ ನಗುತ್ತಿತ್ತು, ಕಾಕಾ ಬೈಯುತ್ತ ಮೆಟ್ಟಿಲಿಳಿದು ಬರುತ್ತಿದ್ದರು.

ಅರವತ್ತು ದಾಟಿದ್ದರೂ ಅವಳು ನೆಟ್ಟಗೆ ನಿಲ್ಲುತ್ತಿದ್ದಳು. ಉಟ್ಟದ್ದು ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ಕಾಲಿಗೆ ಮಾತ್ರ ಗಂಡಸರು ಮೆಟ್ಟುವ ಬಿಳಿಯ ಕ್ಯಾನ್ವಾಸ್ ಬೂಟು. ಅಕ್ಕಲಕೋಟದ ಕಡೆಯಿಂದ ಬರುವ ಮೊದಲ ಎಸ್.ಟಿ. ಬಸ್ಸಿನಲ್ಲಿ ಕುಳಿತು ಬರುತ್ತಿದ್ದಳಾದರೂ ಬಸ್‌ಸ್ಟ್ಯಾಂಡಿನವರೆಗೆ ಬರುತ್ತಿರಲಿಲ್ಲ. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಹತ್ತಿರವೇ ಇಳಿದು, ಮಗ್ಗಗಳ ಕಾರ್ಖಾನೆಗಳನ್ನು ಹಾದು, ತಲೆಯ ಮೇಲೆ ಬುಟ್ಟಿ ಹೊತ್ತು ಅಷ್ಟು ದೂರ ನಡೆದೇ ಬರುತ್ತಿದ್ದಳು. ಇದರ ಕಾರಣವೇನಿರಬಹುದು? ಕಂಡಕ್ಟರನ ಜೊತೆ ಜಗಳವೇ? ಯಾವುದಾದರೂ ಹರಕೆಯೇ? ದಾರಿಯಲ್ಲಿ ಗಿರಾಕಿಗಳಿದ್ದಾರೆಯೇ? ಒಮ್ಮೆ ಕೇಳಿಯೇ ಬಿಟ್ಟೆ. "ಬಸ್ಸಿನ್ಯಾಗ ಕುಂತ ಕಾಲ ಮರಗಟ್ಟತಾವ ತಮ್ಮಾ" ಎಂದಷ್ಟೇ ಹೇಳಿ, ನನ್ನ ಬಾಯಿಗೆ ಒಂದು ಹತ್ತರಕಿ ಎಲೆ ತುರುಕಿದಳು.

ಹತ್ತರಕಿಯನ್ನು ನಮ್ಮ ಕಡೆ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುತ್ತಾರೆ. ಮೊದಲು ಕಹಿ, ಆಮೇಲೆ ತಂಪು. ಇಂಥ ಹೆಸರಿಲ್ಲದ, ಅಥವಾ ಪೇಟೆಯವರು ಹೆಸರು ಮರೆತ ತಪ್ಪಲುಗಳು, ಅಂದರೆ ಸೊಪ್ಪುಗಳು, ಅವಳ ಬುಟ್ಟಿಯ ಮೇಲುಭಾಗದಲ್ಲಿ ಒದ್ದೆ ಅರಿವೆಯ ಕೆಳಗೆ ಇರುತ್ತಿದ್ದವು: ಕಿರಕಸಾಲಿ, ಹೊನಗೊನ್ನಿ, ಚಳಿಗಾಲದಲ್ಲಿ ಕಡಲೆಯ ಕುಡಿ. ಅಡಿಯಲ್ಲಿ ಹೀರೆ, ಚವಳಿ, ಬದನೆ. ಕಾಲಕ್ಕೆ ತಕ್ಕಂತೆ ಪೇರಲ, ಬಾರಿಹಣ್ಣು, ಸೀತಾಫಲ. ನೀವು ಕೇಳಿದ್ದನ್ನು ಕೊಟ್ಟ ಮೇಲೆ, ಕೇಳದ ಒಂದು ಹಿಡಿ ತಪ್ಪಲನ್ನು ಚೀಲಕ್ಕೆ ಸೇರಿಸುತ್ತಿದ್ದಳು. ಮರುದಿನ ಪರೀಕ್ಷೆ.

"ನಿನ್ನಿ ಹೊನಗೊನ್ನಿ ಏನ ಮಾಡಿದ್ರಿ?"

"ಮಾಡ್ಲಿಲ್ಲ ಅಯ್ಯ, ಒಣಗಿ ಹೋಯ್ತು."

"ಹಂಗಾರ ಇವತ್ತ ಮತ್ತ ಒಯ್ರಿ. ಮಾಡೂ ತನಕ ಕೊಡ್ತೀನಿ. ಯಾರು ಬ್ಯಾಸರಾಗತಾರ ನೋಡೂಣು."

ಹೀಗೆ ನಮ್ಮ ಕಟ್ಟಡದ ಅಡಿಗೆಮನೆಗಳಿಗೆ ಹಸಿರು ಹೊಕ್ಕಿತು. ಅದಕ್ಕೂ ಮೊದಲು ನಮ್ಮಂಥ ವ್ಯಾಪಾರಸ್ಥರ ಮನೆಗಳಲ್ಲಿ ಊಟವೆಂದರೆ ಕಡಕ್ ರೊಟ್ಟಿ, ಶೇಂಗಾದ ಹಿಂಡಿ, ಎಣ್ಣೆ ತೇಲುವ ಬದನೆಕಾಯಿ. ಸಂಜೆಗೆ ಅಂಗಡಿಯಿಂದ ಬಂದ ಭಜಿ, ಶೇವು. ನಾನಾದರೋ ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಓಣಿಯ ತರುಣರನ್ನು ಕೂಡಿಸಿ ಆರೋಗ್ಯ ಮಂಡಳವೊಂದನ್ನು ಕಟ್ಟಿ, ಹಣ್ಣು ತಿನ್ನಿರಿ, ತರಕಾರಿ ತಿನ್ನಿರಿ, ದಿನಾಲು ಸ್ವಲ್ಪ ನಡೆಯಿರಿ ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಫಲಕ ಬರೆಸಿ ಗೋಡೆಗೆ ಹಚ್ಚಿದ್ದೆ. ಜನ ಫಲಕ ಓದುತ್ತಿದ್ದರು, ಮೆಚ್ಚುತ್ತಿದ್ದರು, ಅದರ ಕೆಳಗೇ ನಿಂತು ಭಜಿ ತಿನ್ನುತ್ತಿದ್ದರು.

ನನ್ನ ಮುಖ್ಯ ಶ್ರೋತೃ ನನ್ನ ಅವ್ವನೇ. ಅವಳಿಗೆ ಸಕ್ಕರೆಯ ಕಾಯಿಲೆ. ಮೊಣಕಾಲು ಬೇರೆ ಹಿಡಿಯುತ್ತಿದ್ದವು. ಡಾಕ್ಟರರು ದಿನಾಲು ಅರ್ಧ ತಾಸು ನಡೆಯಬೇಕು ಎಂದಿದ್ದರು. ನಾನು ಒಳ್ಳೆಯ ಬೂಟು ತಂದುಕೊಟ್ಟೆ, ನಡಿಗೆಯ ಲಾಭಗಳನ್ನು ಅಂಶ ಅಂಶವಾಗಿ ವಿವರಿಸಿದೆ. ಅವ್ವ "ಹೂಂ" ಎಂದಳು. ಬೂಟು ಡಬ್ಬಿಯಲ್ಲೇ ಉಳಿಯಿತು. ಆದರೆ ದಿನವೂ ನೀಲವ್ವನ ಕೂಗು ಕೇಳಿದೊಡನೆ ಸೆರಗು ಹೊದ್ದು, ಗೋಡೆಗೆ ಕೈಯಾನಿಸಿ, ಮೂವತ್ತೆಂಟು ಮೆಟ್ಟಿಲಿಳಿದು ಹೋಗುತ್ತಿದ್ದಳು. ಎರಡು ಸಿವುಡು ಪಲ್ಯ ತರಲು ಅವಳಿಗೆ ಅರ್ಧ ತಾಸು ಬೇಕಾಗುತ್ತಿತ್ತು. "ಮೂಲಂಗಿ ಆರಸ್ಲಿಕ್ಕ ಹೊತ್ತಾತು" ಎನ್ನುತ್ತಿದ್ದಳು. ಮೇಲೆ ಬರುವಾಗ ಒಂದೊಂದು ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಳ್ಳುವುದನ್ನು ಕಂಡಾಗಲೆಲ್ಲ ನನ್ನೊಳಗಿನ ಸುಧಾರಕ ಕುದಿಯುತ್ತಿದ್ದ. ಒಬ್ಬ ಮಾರುವವಳ ಹಟಕ್ಕಾಗಿ ಹಿರಿಯ ಜೀವಗಳು ಇಷ್ಟು ನೋಯಬೇಕೆ?

ಯುಗಾದಿಯ ಮರುವಾರ, ಓಣಿಯ ಜನ ನೆರೆದಿದ್ದಾಗ, ನಾನು ಈ ವಿಷಯವನ್ನು ಅವಳ ಮುಂದೆ ಎತ್ತಿದೆ. ವಾದವನ್ನು ಚೆನ್ನಾಗಿ ಕಟ್ಟಿಕೊಂಡೇ ಬಂದಿದ್ದೆ. ಹಾಲಿನವನಿಗೆ ಆಗುವುದು ಪಲ್ಯದವಳಿಗೆ ಏಕೆ ಆಗದು? ಕಾಲು ನೋಯುವವರನ್ನು ಮೆಟ್ಟಿಲಿಳಿಸುವುದು ಯಾವ ನ್ಯಾಯ? ಗಿರಾಕಿಯ ಅನುಕೂಲವೇ ವ್ಯಾಪಾರದ ಧರ್ಮವಲ್ಲವೇ? ಕಾಕಾ ಮೇಲಿನಿಂದ ಚಪ್ಪಾಳೆ ತಟ್ಟಿದರು. ನೀಲವ್ವ ತಪ್ಪಲಿನ ಮೇಲೆ ನೀರು ಚಿಮುಕಿಸುತ್ತ ಎಲ್ಲವನ್ನೂ ಕೇಳಿದಳು. ಏನೋ ಹೇಳಲು ಬಾಯಿ ತೆರೆದವಳು ಅವ್ವನ ಮುಖ ನೋಡಿದಳು. ಅವ್ವ ತಲೆ ತಗ್ಗಿಸಿ ಚವಳಿಕಾಯಿ ಆರಿಸುತ್ತಿದ್ದಳು.

"ನಿನ್ನ ಮಾತಿಗಿ ನನ್ನ ಹಂತ್ಯಾಕ ಜವಾಬ ಇಲ್ಲ ತಮ್ಮಾ. ಸಾಲಿ ಕಲ್ತಾವ, ನೀನ ಗೆದ್ದಿ. ಬಿಡ್ರಿ ಹಗ್ಗ."

ಅಂದೇ ನಮ್ಮ ಗ್ಯಾಲರಿಗೆ ಸಣ್ಣದೊಂದು ರಾಟೆ ಹಾಕಿಸಿದೆ, ಅವ್ವನ ಕೈಗೂ ಭಾರವಾಗದಿರಲೆಂದು. ಕಾಲೇಜಿನಲ್ಲಿ ಗೆದ್ದ ಯಾವ ಢಾಲೂ ನನಗೆ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಏನೇನು ಬದಲಾಯಿತು ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಮೇಲಿನಿಂದ ಕೂಗಿ ಹೇಳಬಹುದಾದ ಕಾಯಿಪಲ್ಯಗಳಷ್ಟೇ ಮನೆಗೆ ಬರತೊಡಗಿದವು: ಬಟಾಟಿ, ಉಳ್ಳಾಗಡ್ಡಿ, ಬದನೆ. ಮುಟ್ಟಿ, ಮೂಸಿ ನೋಡದೆ ತಪ್ಪಲನ್ನು ಯಾರು ಕೊಳ್ಳುತ್ತಾರೆ? ಕೇಳದೆ ಕೊಡುವ ಹಿಡಿ ಹಸಿರೂ ನಿಂತಿತು, ಮರುದಿನದ ಪರೀಕ್ಷೆಯೂ ನಿಂತಿತು. ನೀಲವ್ವ ನಗುತ್ತಲೇ ಬರುತ್ತಿದ್ದಳು, ಹೋಗುತ್ತಿದ್ದಳು. ಅವ್ವ ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕುಳಿತುಬಿಟ್ಟಳು.

ದಸರೆಯ ದಿನ ಬನ್ನಿ ಕೊಡಲು ಬಂಧುಗಳ ಮನೆಗೆ ಹೊರಟಾಗ ಸತ್ಯ ಹೊರಬಿತ್ತು. ಹೊಸ ಸೀರೆ ಉಟ್ಟ ಅವ್ವ ಹತ್ತು ಮೆಟ್ಟಿಲು ಇಳಿದು ಕುಳಿತಳು, ಏಳಲಾಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ನಾನೂ ಅಪ್ಪನೂ ಹೊತ್ತು ಮೇಲೆ ತಂದೆವು. ಎಲ್ಲರ ಮನೆಯ ಬಾಗಿಲುಗಳಲ್ಲೂ ಜನ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಡಾಕ್ಟರರು ನೋಡಿ, ಮೊಣಕಾಲಿಗಿಂತ ಹೆಚ್ಚಾಗಿ ತೊಡೆಯ ಶಕ್ತಿ ಹೋಗಿದೆ, ಸಕ್ಕರೆಯೂ ಏರಿದೆ ಎಂದರು. "ಈಗ ನಡೆಸಿದ್ರ ನಡೀತಾರ. ಹಿಂಗ ಕೂತ್ರ ಮುಂದಿನ ದಸರಾಕ್ಕ ಕುರ್ಚಿನೇ ಗತಿ." ನಾನು ಮತ್ತೆ ಬೂಟಿನ ಡಬ್ಬಿ ತೆಗೆದೆ. ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು.

ಅದೇ ಚಳಿಗಾಲ ನೀಲವ್ವ ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬಕ್ಕೆ, ಕರೆದಳು. "ಹೊಲಕ್ಕ ಬಾ ತಮ್ಮಾ. ಫಲಕ ಬರಸ್ತಿ ಅಲಾ, ಪಲ್ಯ ಎಲ್ಲಿ ಬೆಳೀತದ ಅಂತ ಒಮ್ಮಿ ನೋಡು." ಮೋಟಾರ್‌ಸೈಕಲ್ ಹತ್ತಿ ಹೊರಟೆ. ಬಡವಿಯ ಗುಡಿಸಲನ್ನು ನಿರೀಕ್ಷಿಸಿದ್ದ ನಾನು ತಡವಳದಲ್ಲಿ ವಿಚಾರಿಸಿದರೆ, ಜನ ತೋರಿಸಿದ್ದು ದೊಡ್ಡ ಬಾಗಿಲಿನ ಮನೆ, ಅಂಗಳದಲ್ಲಿ ಟ್ರ್ಯಾಕ್ಟರ್. ಹೊಲದಲ್ಲಿ ಎದೆಯೆತ್ತರದ ಬಿಳಿಜೋಳ, ನಡುನಡುವೆ ಕಡಲೆ, ಕುಸುಬಿಯ ಸಾಲು, ಬಾವಿಯ ಪಕ್ಕ ಕಾಯಿಪಲ್ಯದ ಮಡಿಗಳು. ಸೊಸೆ ಸಜ್ಜೆರೊಟ್ಟಿ, ಹತ್ತೆಂಟು ಕಾಳು ತಪ್ಪಲು ಕೂಡಿಸಿ ಕುದಿಸಿದ ಬಜ್ಜಿ ಎಡೆಗೆ ಬಡಿಸುತ್ತ ನನ್ನ ಬಳಿ ದೂರು ಹೇಳಿಕೊಂಡಳು.

"ನೀವರ ಹೇಳ್ರಿ ಸರ. ಇಷ್ಟ ಇದ್ದೂ ಅತ್ತಿ ಬುಟ್ಟಿ ಹೊತ್ತ ಹೋಗ್ತಾರ. ಮಂದಿ ಸೊಸಿ ಕೂಳ ಹಾಕುದಿಲ್ಲೇನು ಅಂತಾರ. ನಮ್ಮ ಇಜ್ಜತ ಏನ ಉಳೀತು?"

"ನಿನ್ನ ಇಜ್ಜತ ಬುಟ್ಟ್ಯಾಗ ಇಟ್ಕೊಂಡ ಹೋಗ್ತೀನೇನ? ಬಡಸ ಬಡಸ" ಎಂದು ನೀಲವ್ವ ನಕ್ಕಳು.

ಊಟಕ್ಕೆ ಮೊದಲು ಚರಗ ಚೆಲ್ಲುವುದಿತ್ತು. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಬೆಳೆದು ನಿಂತ ಭೂಮಿತಾಯಿಗೆ ಎಡೆಯೆಂದು ಹೊಲದ ಸುತ್ತ ಬದುವಿನುದ್ದಕ್ಕೂ ಚೆಲ್ಲುತ್ತ ನಡೆಯುವ ಪದ್ಧತಿ. ನೀಲವ್ವ ಪುಟ್ಟಿ ಹಿಡಿದು ಮುಂದೆ, ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ಅರ್ಧ ಹೊಲ ಮುಗಿಯುವಷ್ಟರಲ್ಲಿ ಆರೋಗ್ಯ ಮಂಡಳದ ಅಧ್ಯಕ್ಷ ಏದುಸಿರು ಬಿಡುತ್ತಿದ್ದ. ಅವಳ ಬಿಳಿಯ ಬೂಟುಗಳು ಹೆಂಟೆಯ ಮೇಲೆ ಸರಾಗವಾಗಿ ಸಾಗುತ್ತಿದ್ದವು. ಮನೆಯವರಿಂದ ದೂರವಾದ ಮೇಲೆ ಕೇಳಿದೆ:

"ಆಯಿ, ಖರೇ ಹೇಳ್ರಿ. ಬುಟ್ಟಿ ಯಾಕ ಹೊರ್ತೀರಿ?"

ಅವಳು ಹಿಂದೆ ತಿರುಗಿ ಸೊಸೆ ದೂರವಿರುವುದನ್ನು ನೋಡಿಕೊಂಡು, ಇನ್ನೊಂದು ಹಿಡಿ ಚರಗ ಚೆಲ್ಲಿದಳು.

"ನನಗೂ ಸಕ್ಕರಿ ಅದ ತಮ್ಮಾ, ನಿಮ್ಮವ್ವಗ ಇದ್ದಂಗ. ಅಕ್ಕಲಕೋಟ ಡಾಕ್ಟರ ತಪ್ಪಲಪಲ್ಯ ತಿನ್ನು, ದಿನಾ ನಡಿ ಅಂದ. ತಿನ್ನೂದು ಸರಳ ಅದ. ನಡಿಯೂದು? ಮೊದಲನೇ ದಿನ ಬರಿಗೈಲೆ ಹೊಂಟ್ನಿ. ಅಗಸಿ ಹಂತ್ಯಾಕ ಒಬ್ಬಂವ, ಎಲ್ಲಿಗಿ ಹೊಂಟೀಯವ್ವಾ ಅಂದ. ಎಲ್ಲಿಗೂ ಇಲ್ಲಪಾ, ಸುಮ್ನ ಅಂದ್ನಿ. ಸಂಜೀ ಆಗೂದ್ರಾಗ ಊರ ತುಂಬ ಸುದ್ದಿ, ನೀಲವ್ವ ಸೊಸಿ ಜೋಡಿ ಜಗಳಾಡಿ ಮನಿ ಬಿಟ್ಟ ಹೊಂಟಿದ್ಳು ಅಂತ. ಆ ಹುಡಗಿ ಒಂದ ಸಮನ ಅತ್ತಳು. ಮರದಿನ ಬುಟ್ಟ್ಯಾಗ ನಾಕ ಸಿವುಡ ಮೆಂತೆ ಇಟ್ಕೊಂಡ ಹೊಂಟ್ನಿ. ಯಾರೂ ಏನೂ ಕೇಳ್ಲಿಲ್ಲ. ಹೆಣ್ಮಗಳ ತಲಿ ಮ್ಯಾಲ ಬುಟ್ಟಿ ಇತ್ತಂದ್ರ, ಎಷ್ಟ ದೂರ ಬೇಕಾದ್ರೂ ಹೋಗ್ಲಿ, ಯಾರೂ ಕೇಳುದಿಲ್ಲ."

ನಾನು ನಿಂತುಬಿಟ್ಟೆ. ಎಂಐಡಿಸಿಯ ಬಳಿ ಇಳಿಯುವುದೂ, ಗಂಡಸರ ಬೂಟೂ, ಬೆನ್ನ ಹಿಂದೆ ಕಟ್ಟಿದ ಕೈಗಳೂ ಒಂದೇ ಕ್ಷಣಕ್ಕೆ ಬೇರೆಯಾಗಿ ಕಂಡವು.

"ಮತ್ತ ನಮ್ಮವ್ವ?"

"ನಿಮ್ಮವ್ವಗ ನೀ ಬೂಟ ಕೊಟ್ಟಿ. ನೆವ ಕೊಡಲಿಲ್ಲ. ಸಾವ್ಕಾರ್ತಿ ಸುಮ್ನ ಓಣ್ಯಾಗ ಅಡ್ಡಾಡಿದ್ರ ಮಂದಿ ಏನಂತಾರ? ಪಲ್ಯ ತರಾಕ ಇಳದ್ರ ಯಾರೇನಂತಾರ? ದಿನಾ ಇಳಿಯಾಕಿ, ನನ್ನ ಜೋಡಿ ಓಣಿ ತುದೀಗಿನ ಗಿರಣಿ ಗ್ವಾಡಿ ತನಕ ನಡಿಯಾಕಿ, ತಿರಗಿ ಬರಾಕಿ. ಮಾತಾಡ್ಕೋತ ಎರಡ ಸುತ್ತ. ನಿನಗ ಮೂಲಂಗಿ ಆರಸ್ದೆ ಅಂತ ಹೇಳ್ತಿದ್ಳು, ಹೌದಲ್ಲ?"

"ಅವತ್ತ ಅಷ್ಟ ಮಂದಿ ಮುಂದ ನಾ ವಾದ ಮಾಡಿದಾಗ ಇದನ್ನ ಯಾಕ ಹೇಳ್ಲಿಲ್ರಿ?"

ನೀಲವ್ವ ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಅಷ್ಟ ಮಂದಿ ಇದ್ರು ಅಂತನ ಹೇಳ್ಲಿಲ್ಲ. ನಿಮ್ಮವ್ವ ಪಲ್ಯಾಕ್ಕ ಬರುದಿಲ್ಲ, ತಿರಗಾಕ ಬರ್ತಾಳ ಅಂತ ಸಾರ್ಬೇಕಿತ್ತಾ? ಸೋತ್ರ ನಂದೇನ ಹೋಗ್ತದ?"

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಮೌನವಾದರೆ ಗೆಲುವು ನಮ್ಮದೆಂದು ನನಗೆ ಕಲಿಸಿದ್ದರು. ಆ ಮೌನ ಯಾರನ್ನು ಕಾಪಾಡುತ್ತಿರಬಹುದು ಎಂದು ವಿಚಾರಿಸಲು ಯಾರೂ ಕಲಿಸಿರಲಿಲ್ಲ. ಉಳಿದ ಅರ್ಧ ಹೊಲವನ್ನು ನಾನು ತಂಬಿಗೆ ಹಿಡಿದು ಅವಳ ಹಿಂದೆಯೇ ಸುತ್ತಿದೆ.

ಮನೆಗೆ ಬಂದವನೇ ರಾಟೆ ಬಿಚ್ಚಿದೆ. ಅವ್ವ ಏಕೆಂದು ಕೇಳಲಿಲ್ಲ; ತಡವಳದಲ್ಲಿ ಕೇಳಿದ್ದನ್ನು ನಾನೂ ಹೇಳಲಿಲ್ಲ. ಮರುದಿನ ಓಣಿಯಲ್ಲಿ ನೀಲವ್ವನ ಕೂಗು ಕೇಳಿತು. ಅವ್ವ ಗ್ಯಾಲರಿಯಿಂದ ಬಾಗಿ, "ನನ್ನ ಕೈಲೆ ಆಗುದಿಲ್ಲ ನೀಲವ್ವಾ" ಎಂದಳು. ಕೆಳಗೆ ಕೈಕಟ್ಟಿ ನಿಂತವಳು ಬುಟ್ಟಿಯನ್ನು ತಲೆಗೇರಿಸಿದಳು. ನಾವೆಲ್ಲ ನೋಡುತ್ತಿದ್ದಂತೆ ಮೆಟ್ಟಿಲು ಹತ್ತತೊಡಗಿದಳು.

"ಏನ ನೀಲವ್ವಾ, ಪಲ್ಯ ಮ್ಯಾಲ ಹತ್ತಾಕತ್ತದ ಅಲಾ!" ಎಂದರು ಕಾಕಾ.

"ಹತ್ತಲಿ ಬಿಡ್ರಿ. ಇಳಸೂದು ಹ್ಯಾಂಗ ಅಂತ ನನಗ ಗೊತ್ತದ."

ನಮ್ಮ ಬಾಗಿಲಿಗೆ ಬರಲಿಲ್ಲ. ಐದು ಮೆಟ್ಟಿಲು ಕೆಳಗೆ ಬುಟ್ಟಿ ಇಟ್ಟು ಕುಳಿತು, ಒದ್ದೆ ಅರಿವೆ ಸರಿಸಿದಳು. "ಬಾ ಸಾವ್ಕಾರ್ತಿ, ಹತ್ತರಕಿ ತಂದೀನಿ, ಆರಸ್ಕೋ." ಅವ್ವ ಗೋಡೆ ಹಿಡಿದು ಐದು ಮೆಟ್ಟಿಲು ಇಳಿದಳು. ಮೂರು ದಿನ ಅಲ್ಲೇ. ನಾಲ್ಕನೆಯ ದಿನ ಬುಟ್ಟಿ ಏಳನೆಯ ಮೆಟ್ಟಿಲಿನಲ್ಲಿತ್ತು, ಆಮೇಲೆ ತಿರುವಿನಲ್ಲಿ, ಆಮೇಲೆ ಮೊದಲ ಮಾಳಿಗೆಯಲ್ಲಿ. ಕೆಲವು ದಿನ ಅವ್ವ ಅಳುತ್ತ ಹಿಂದಿರುಗಿದಳು, ಆಗ ಬುಟ್ಟಿ ಎರಡು ಮೆಟ್ಟಿಲು ಮೇಲೆ ಬರುತ್ತಿತ್ತು. ಬೇಸಿಗೆಯ ಹೊತ್ತಿಗೆ ಬುಟ್ಟಿ ಮತ್ತೆ ಓಣಿಯಲ್ಲಿತ್ತು, ಅವ್ವ ಅದರ ಮುಂದೆ ನಿಂತಿದ್ದಳು. ಕಾಲಲ್ಲಿ ಡಬ್ಬಿಯ ಬೂಟು. "ಕಲ್ಲ ಚುಚ್ಚತಾವ, ಅದಕ್ಕ" ಎಂದಳು ನನ್ನ ಕಡೆ ನೋಡದೆ. ಮುಂದಿನ ದಸರೆಗೆ ಬನ್ನಿ ಕೊಡಲು ತಾನೇ ಇಳಿದು ಹೋದಳು.

ನೀಲವ್ವ ಮತ್ತೆರಡು ವರ್ಷ ಬಂದಳು. ಕೊನೆಯ ಸಲ ಬಂದಾಗ ಅವಳ ಕಣ್ಣಿಗೆ ಮಂಜು ಕವಿದಿತ್ತು. ಪೇರಲಹಣ್ಣನ್ನು ನೋಡದೆ, ಮೂಸಿಯೇ ಆರಿಸಿ ಕೊಟ್ಟಳು. "ಮಗ ಬಸ್ ಹತ್ತಾಕ ಬಿಡುದಿಲ್ಲ ಅಂತಾನ. ಇನ್ನ ಹೊಲದ ಬದವಿನ ಮ್ಯಾಲ ಅಷ್ಟ ನಂದು ಅಡ್ಡಾಟ." ಅವ್ವ ಅವಳ ಜೊತೆ ಗಿರಣಿಯ ಗೋಡೆಯವರೆಗೆ ಹೋದಳು. ಅಂದು ಇಬ್ಬರೂ ಎರಡಲ್ಲ, ನಾಲ್ಕು ಸುತ್ತು ನಡೆದದ್ದನ್ನು ನಾನು ಗ್ಯಾಲರಿಯಿಂದ ಕಂಡೆ. ಈ ಮಳೆಗಾಲದಲ್ಲಿ ಅವಳ ಮಗನ ಫೋನ್ ಬಂತು. ಜ್ವರ ಬಂದು ಎರಡು ದಿನ ಮಲಗಿದಳಂತೆ, ಅಷ್ಟೇ. ಹಿಂದಿನ ವಾರದವರೆಗೂ ಹೊಲ ಸುತ್ತಿದ್ದಳಂತೆ. ಸೊಸೆ ಕೈ ಹಿಡಿದು ಜೊತೆಗೆ ನಡೆಯುತ್ತಿದ್ದಳಂತೆ.

ಸುದ್ದಿ ಬಂದ ಮರುದಿನ ಮುಂಜಾನೆ ಓಣಿಯಲ್ಲಿ ಯಾರ ಕೂಗೂ ಇರಲಿಲ್ಲ. ಈಗ ಫೋನಿನಲ್ಲಿ ಬೆರಳಾಡಿಸಿದರೆ ಪಲ್ಯ ಬಾಗಿಲಿಗೇ ಬರುತ್ತದೆ. ಹಗ್ಗದ ಅಗತ್ಯವೂ ಉಳಿದಿಲ್ಲ. ನೀಲವ್ವ ಬರುತ್ತಿದ್ದ ಹೊತ್ತಿಗೆ ಅವ್ವ ಎದ್ದು ಬೂಟು ಹಾಕಿಕೊಂಡಳು. ಗೂಟಕ್ಕೆ ತೂಗುಹಾಕಿದ್ದ ಪಿಶವಿಯನ್ನು ಮುಟ್ಟಿ, ಹಾಗೇ ಬಿಟ್ಟು, ಬರಿಗೈಯಲ್ಲಿ ಮೆಟ್ಟಿಲಿಳಿದಳು. ಕಾಕಾ ಮೇಲಿನಿಂದ ಕೂಗಿದರು:

"ವೈನಿ, ಪಿಶವಿ ಬಿಟ್ಟ ಎಲ್ಲಿಗಿ ಹೊಂಟ್ರಿ?"

ಅವ್ವ ನಡುಓಣಿಯಲ್ಲಿ ನಿಂತು ಕತ್ತೆತ್ತಿದಳು. ಕೈಗಳು ಬೆನ್ನ ಹಿಂದೆ ಇದ್ದವು.

"ಎಲ್ಲಿಗೂ ಇಲ್ಲ ಕಾಕಾ. ಸುಮ್ನ ನಡದ ಬರ್ತೀನಿ."

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ನಾಳೆ ಮುಂಜಾನೆ ನಿಮ್ಮ ಓಣಿಯಲ್ಲಿ ಕಾಯಿಪಲ್ಯದವರ ಕೂಗು ಕೇಳಿದರೆ ಹಗ್ಗ ಬಿಡಬೇಡಿ, ಮನೆಯ ಹಿರಿಯರೊಡನೆ ಕೆಳಗೆ ಇಳಿಯಿರಿ. ಹೆಸರು ಗೊತ್ತಿಲ್ಲದ ಒಂದು ತಪ್ಪಲನ್ನು ಕೇಳಿ ತನ್ನಿರಿ. ಮತ್ತು ನಿಮ್ಮ ಮನೆಯ ಹೆಣ್ಣುಮಗಳು ಬರಿಗೈಯಲ್ಲಿ ಹೊರಟರೆ, ದಯವಿಟ್ಟು, ಎಲ್ಲಿಗೆ ಎಂದು ಕೇಳಬೇಡಿ.